ಕಟ್ಟಿದ ಭಾಷೆಯಲ್ಲಿ ‘ಇದ್ದಿದ್ದರೆ’

ಜಡತ್ವದ ನಿಯಮವನ್ನು ಪಾಠ ಹೇಳುವಾಗ ನಾವು ಪ್ರತಿ ವರ್ಷವೂ ಒಂದೇ ವಾಕ್ಯವನ್ನು ಹೇಳುತ್ತ ಬಂದಿದ್ದೇವೆ: “ಘರ್ಷಣೆಯಿಲ್ಲದಿದ್ದರೆ ಈ ಗುಂಡು ಹೀಗೆಯೇ ಉರುಳುತ್ತಿರುತ್ತಿತ್ತು.” ಮೇಜಿನ ಮೇಲೆ ಉಕ್ಕಿನ ಗುಂಡೊಂದನ್ನು ಮೆಲ್ಲನೆ ತಳ್ಳಿ, ಅದು ನಿಂತೊಡನೆಯೇ ಈ ಮಾತನ್ನಾಡುವುದು ನಮ್ಮ ಪದ್ಧತಿ. ಕಳೆದ ವರ್ಷ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಸಾರ್, ಘರ್ಷಣೆಯೇ ಇಲ್ಲದ ಮೇಜನ್ನು ಯಾರಾದರೂ ಕಂಡಿದ್ದಾರೆಯೇ? ಕಂಡಿಲ್ಲವಾದರೆ ಈ ವಾಕ್ಯವು ನಿಜವೆಂದು ಹೇಗೆ ಹೇಳುವುದು? ಗುಂಡು ನಿಂತಿತು ಎಂಬುದಷ್ಟೇ ನಿಜವಲ್ಲವೇ?” ಎಂದು ಕೇಳಿದನು. ತರಗತಿಯು ನಕ್ಕಿತು. ನಾವೂ ನಕ್ಕು ಏನೋ ಒಂದು ಉತ್ತರ ಹೇಳಿ ಮುಂದುವರಿದೆವು. ಆದರೆ ಆ ಉತ್ತರ ನಮಗೇ ಒಪ್ಪಿಗೆಯಾಗಲಿಲ್ಲ. ಹುಡುಗನ ಪ್ರಶ್ನೆ ಬಹು ದಿನ ನಮ್ಮನ್ನು ಕಾಡಿತು.

ಯೋಚಿಸಿ ನೋಡಿದರೆ, ಭೌತಶಾಸ್ತ್ರದ ಅರ್ಧ ಸಂಪತ್ತು ಇಂತಹ ವಾಕ್ಯಗಳಲ್ಲಿಯೇ ಅಡಗಿದೆ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಬೀಳುವ ಕಲ್ಲುಗಳ ವಿಷಯವಾಗಿ ಹೂಡಿದ ವಾದವನ್ನು ವಾಚಕರು ಕೇಳಿರಬಹುದು. ಭಾರವಾದ ಕಲ್ಲು ಹಗುರವಾದ ಕಲ್ಲಿಗಿಂತ ಬೇಗ ಬೀಳುವುದೆಂದೇ ಇಟ್ಟುಕೊಳ್ಳೋಣ. ಎರಡನ್ನೂ ಹಗ್ಗದಿಂದ ಕಟ್ಟಿದ್ದಾದರೆ, ಹಗುರವಾದುದು ಭಾರವಾದುದನ್ನು ಹಿಂದಕ್ಕೆ ಎಳೆಯಬೇಕು. ಜೋಡಿಯು ನಿಧಾನವಾಗಿ ಬೀಳಬೇಕು. ಆದರೆ ಕಟ್ಟಿದ ಜೋಡಿಯ ತೂಕ ಎರಡಕ್ಕಿಂತಲೂ ಹೆಚ್ಚು. ಆದುದರಿಂದ ಅದು ಇನ್ನೂ ಬೇಗ ಬೀಳಬೇಕು. ಒಂದೇ ವಸ್ತು ನಿಧಾನವಾಗಿಯೂ ಬೇಗನೆಯೂ ಬೀಳಲಾರದಷ್ಟೆ. ಗೋಪುರವನ್ನು ಹತ್ತದೆ, ಒಂದು ಕಲ್ಲನ್ನೂ ಬಿಡದೆ, ಸುಳ್ಳಾದುದೊಂದನ್ನು ನಿಜವೆಂದು ಕ್ಷಣಕಾಲ ಭಾವಿಸಿ ಗೆಲಿಲಿಯೋ ಈ ಸತ್ಯವನ್ನು ಮುಟ್ಟಿದನು. ಇಲ್ಲದುದನ್ನು ಇದೆಯೆಂದು ಭಾವಿಸಿ ಮಾತನಾಡಲು ಬಾರದ ಭಾಷೆಯೊಂದಿದ್ದರೆ ಅದರಲ್ಲಿ ಈ ವಾದವನ್ನು ಹೂಡುವುದು ಹೇಗೆ?

ಹುಟ್ಟು ಭಾಷೆಗಳಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸುವುದು ಕಷ್ಟ. ಅವು ಸಾವಿರಾರು ವರ್ಷ ತಾವಾಗಿಯೇ ಬೆಳೆದುಬಂದವು; ಯಾವ ರೂಪ ಏತಕ್ಕಾಗಿ ಬಂದಿತೆಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಆದರೆ ಒಬ್ಬ ಮನುಷ್ಯನು ಮೇಜಿನ ಮುಂದೆ ಕುಳಿತು ಕಟ್ಟಿದ ಭಾಷೆಯ ಸಂಗತಿಯೇ ಬೇರೆ. ಅವನು ‘ಆದರೆ’, ‘ಆಗಿದ್ದರೆ’ಗಳಿಗೆ ಯಾವ ರೂಪ ಕೊಡಬೇಕೆಂದು ತಾನೇ ತೀರ್ಮಾನಿಸಬೇಕು. ಆ ತೀರ್ಮಾನದ ಗುಣದೋಷಗಳು ಪ್ರಯೋಗಶಾಲೆಯ ಉಪಕರಣದಲ್ಲಿ ಕಾಣುವಂತೆ ಸ್ಪಷ್ಟವಾಗಿ ಕಾಣುತ್ತವೆ.

ಮೊದಲು ನಮ್ಮ ಕನ್ನಡವೇ ಈ ಕೆಲಸವನ್ನು ಹೇಗೆ ನಿರ್ವಹಿಸುವುದೆಂದು ಒಂದು ನೋಟ ನೋಡಿ ಮುಂದೆ ಹೋಗೋಣ. “ಮಳೆ ಬಂದರೆ ಕೆರೆ ತುಂಬುತ್ತದೆ” ಎಂಬಲ್ಲಿ ಮಳೆ ಬರಬಹುದು, ಬಾರದಿರಬಹುದು. “ಮಳೆ ಬಂದಿದ್ದರೆ ಕೆರೆ ತುಂಬುತ್ತಿತ್ತು” ಎಂದೊಡನೆ ಮಳೆ ಬರಲಿಲ್ಲವೆಂಬುದು ಖಚಿತ. ಇದರಲ್ಲಿ ಆ ನಿಶ್ಚಯವನ್ನು ಕೊಡುವ ಭಾಗ ಯಾವುದು? ‘ಬಂದಿದ್ದರೆ’ ಎಂಬುದಲ್ಲ. ಏಕೆಂದರೆ, “ರಾತ್ರಿ ಮಳೆ ಬಂದಿದ್ದರೆ ಕೆರೆ ತುಂಬಿರುತ್ತದೆ, ಹೋಗಿ ನೋಡು” ಎಂದೂ ಹೇಳುತ್ತೇವೆ. ಅಲ್ಲಿ ಮಳೆ ಬಂದಿರಲೂಬಹುದು. ತೀರ್ಪು ಇರುವುದು ವಾಕ್ಯದ ಕೊನೆಯ ಪದದಲ್ಲಿ. ಆ ‘ತುಂಬುತ್ತಿತ್ತು’ ಎಂಬ ಪದವಾದರೂ ಹೊಸದೇ? “ನಮ್ಮ ಬಾಲ್ಯದಲ್ಲಿ ಈ ಕೆರೆ ಪ್ರತಿ ವರ್ಷ ತುಂಬುತ್ತಿತ್ತು” ಎನ್ನುವಾಗಿನ ಸಾಮಾನ್ಯ ಭೂತಕಾಲದ ರೂಪವೇ ಅದು. ಶಾಲೆಯ ವ್ಯಾಕರಣದಲ್ಲಿ ನಾವು ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಮೂರನ್ನು ಬಾಯಿಪಾಠ ಮಾಡಿದೆವು. ‘ಬಂದಾನು’, ‘ತುಂಬೀತು’ ಎಂಬ ಸಂಭಾವನಾರ್ಥಕವು ಆಗಬಹುದಾದುದನ್ನು ಹೇಳುತ್ತದೆಯೇ ಹೊರತು ಆಗದೇ ಹೋದುದನ್ನಲ್ಲ. ಆಗದೇ ಹೋದುದಕ್ಕೆ ಕನ್ನಡವು ಭೂತಕಾಲದಿಂದ ರೂಪವನ್ನು ಕಡ ತಂದಿದೆ.

ಈ ಕಡವನ್ನು ನಾವೊಬ್ಬರೇ ಮಾಡಿಲ್ಲ. ಇಂಗ್ಲಿಷ್, ಜರ್ಮನ್, ಗ್ರೀಕ್ ಭಾಷೆಗಳಲ್ಲಿಯೂ ಆಗದುದನ್ನು ಹೇಳಲು ಭೂತಕಾಲದ ರೂಪವೇ ನೆರವಿಗೆ ಬರುತ್ತದೆ. ಸಂಸ್ಕೃತದ ಉಪಾಯವಂತೂ ಅತಿ ಚಮತ್ಕಾರದ್ದು. ಕ್ರಿಯೆಯು ನಡೆಯದೆ ತಪ್ಪಿಹೋದ ಸಂದರ್ಭಕ್ಕೆ, ಅಂದರೆ ‘ಕ್ರಿಯಾತಿಪತ್ತಿ’ಗೆ, ಪಾಣಿನಿಯು ಲೃಙ್ ಎಂಬ ಲಕಾರವನ್ನು ವಿಧಿಸಿದ್ದಾನೆ. ‘ಅಭವಿಷ್ಯತ್’ ಎಂಬ ಅದರ ರೂಪವನ್ನು ಬಿಡಿಸಿ ನೋಡಿ: ಮುಂದಿರುವ ‘ಅ’ಕಾರ ಭೂತಕಾಲದ ಗುರುತು, ಅದರ ಹಿಂದಿರುವ ‘ಭವಿಷ್ಯ’ ಎಂಬುದು ಭವಿಷ್ಯತ್ಕಾಲದ ಅಂಗ. ಆಗಲಿದ್ದುದು ಹಿಂದೆಯೇ ಉಳಿದುಹೋಯಿತು ಎಂಬ ಭಾವವನ್ನು ಎರಡು ಕಾಲಗಳನ್ನು ಒಂದೇ ಪದದಲ್ಲಿ ಹೆಣೆದು ಹೇಳಿದಂತಾಗಿದೆ. ಭೂತಕಾಲಕ್ಕೂ ಅಸತ್ಯಕ್ಕೂ ಏನು ನಂಟು? ಭಾಷಾವಿಜ್ಞಾನಿ ಸಬೀನ್ ಇಯಾಟ್ರಿಡು ಅವರು 2000ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದಕ್ಕೆ ಒಪ್ಪತಕ್ಕ ಸಮಾಧಾನವಿದೆ. ಭೂತಕಾಲದ ಪ್ರತ್ಯಯದ ಮೂಲ ಕೆಲಸ ಹೊರಗಿಡುವುದು. ಒಮ್ಮೆ ಅದು ‘ಈಗ’ ಎಂಬ ಕಾಲವನ್ನು ಹೊರಗಿಡುತ್ತದೆ, ಇನ್ನೊಮ್ಮೆ ನಾವಿರುವ ಈ ಲೋಕವನ್ನೇ ಹೊರಗಿಡುತ್ತದೆ.

ಈಗ ಕಟ್ಟಿದ ಭಾಷೆಗಳಿಗೆ ಬರೋಣ. ಜರ್ಮನಿಯ ಪಾದ್ರಿ ಶ್ಲಾಯರ್ ಅವರು 1879ರ ಸುಮಾರಿನಲ್ಲಿ ರಚಿಸಿದ ವೋಲಾಪ್ಯೂಕ್ ಭಾಷೆಯು ಹಳೆಯ ದಾರಿಯನ್ನೇ ಹಿಡಿಯಿತು: ಕ್ರಿಯಾಪದದ ಮುಂದೆ ಭೂತಕಾಲದ ಉಪಸರ್ಗ, ಹಿಂದೆ ಅಸತ್ಯವನ್ನು ಸೂಚಿಸುವ ಪ್ರತ್ಯಯ. ಸ್ವಲ್ಪ ಕಾಲ ಬಹಳ ಸದ್ದು ಮಾಡಿದ ಆ ಭಾಷೆ ಬೇಗನೆ ಮೂಲೆಗೆ ಸರಿಯಿತು. ಅದರ ಸ್ಥಾನಕ್ಕೆ ಬಂದುದೇ ಎಸ್ಪೆರಾಂಟೊ.

ಎಸ್ಪೆರಾಂಟೊವನ್ನು ಕಟ್ಟಿದ ಲೂಡ್ವಿಕ್ ಝಾಮೆನ್‌ಹಾಫರು ಕಣ್ಣಿನ ವೈದ್ಯರು. ಅವರು 1859ರಲ್ಲಿ ಬಿಯಾಲಿಸ್ಟಾಕ್ ಪಟ್ಟಣದಲ್ಲಿ ಹುಟ್ಟಿದರು. ರಷ್ಯನ್, ಪೋಲಿಷ್, ಜರ್ಮನ್, ಯಿಡ್ಡಿಷ್ ಭಾಷೆಗಳನ್ನಾಡುವ ಜನ ಒಬ್ಬರನ್ನೊಬ್ಬರು ಸಂಶಯದಿಂದ ಕಾಣುತ್ತಿದ್ದ ಊರು ಅದು. ಎಲ್ಲರಿಗೂ ಸುಲಭವಾದ, ಯಾರ ಸ್ವಂತವೂ ಅಲ್ಲದ ಭಾಷೆಯೊಂದು ಬೇಕೆಂದು ಹುಡುಗತನದಿಂದಲೇ ದುಡಿದು, 1887ರಲ್ಲಿ ವಾರ್ಸಾದಿಂದ ಚಿಕ್ಕ ಪುಸ್ತಕವೊಂದನ್ನು ಅವರು ಹೊರತಂದರು. ವ್ಯಾಕರಣವೆಲ್ಲ 16 ನಿಯಮಗಳಲ್ಲಿ ಮುಗಿಯಿತು. ಅವುಗಳಲ್ಲಿ ಆರನೆಯದು ಕ್ರಿಯಾಪದದ್ದು. ವಚನ, ಪುರುಷಗಳಿಂದ ಕ್ರಿಯಾಪದ ಬದಲಾಗುವುದಿಲ್ಲ. ವರ್ತಮಾನಕ್ಕೆ ‘ಆಸ್’, ಭೂತಕ್ಕೆ ‘ಇಸ್’, ಭವಿಷ್ಯಕ್ಕೆ ‘ಓಸ್’, ಅಪ್ಪಣೆಗೆ ‘ಉ’. ಕಲ್ಪನೆಯ ಮಾತಿಗೆ ‘ಉಸ್’. ‘ಪ್ಲೂವ್’ ಎಂಬುದು ಮಳೆಯ ಧಾತು. ‘ಪ್ಲೂವಾಸ್’ ಎಂದರೆ ಮಳೆ ಬರುತ್ತಿದೆ, ‘ಪ್ಲೂವಿಸ್’ ಎಂದರೆ ಬಂದಿತು, ‘ಪ್ಲೂವೋಸ್’ ಎಂದರೆ ಬರುವುದು. ‘ಪ್ಲೂವುಸ್’ ಎಂದರೆ ಕಲ್ಪನೆಯ ಮಳೆ; ಅದರಲ್ಲಿ ಯಾರೂ ನೆನೆಯುವುದಿಲ್ಲ.

“ಸೆ ಪ್ಲೂವೋಸ್, ಮಿ ರೆಸ್ಟೋಸ್ ಹೇಯ್ಮೆ” ಎಂದರೆ “ಮಳೆ ಬಂದರೆ ನಾನು ಮನೆಯಲ್ಲಿಯೇ ಉಳಿಯುವೆನು.” ‘ಸೆ’ ಎಂಬುದು ನಮ್ಮ ‘ಅರೆ’ ಪ್ರತ್ಯಯದ ಕೆಲಸ ಮಾಡುತ್ತದೆ. ಎರಡು ಕಡೆಯೂ ‘ಓ’ಕಾರವನ್ನು ತೆಗೆದು ‘ಉ’ಕಾರವಿಟ್ಟು, “ಸೆ ಪ್ಲೂವುಸ್, ಮಿ ರೆಸ್ಟುಸ್ ಹೇಯ್ಮೆ” ಎಂದರೆ ಸಾಕು, ಮಳೆ ಆಕಾಶವನ್ನು ಬಿಟ್ಟು ಮನಸ್ಸಿಗೆ ಬರುತ್ತದೆ: “ಮಳೆ ಬರುತ್ತಿದ್ದಿದ್ದರೆ ನಾನು ಮನೆಯಲ್ಲಿಯೇ ಉಳಿಯುತ್ತಿದ್ದೆನು.” ಒಂದು ಸ್ವರದ ವ್ಯತ್ಯಾಸ! ಪಕ್ಷವನ್ನು ಹೇಳುವ ಭಾಗಕ್ಕೆ ಒಂದು ರೂಪ, ಫಲವನ್ನು ಹೇಳುವ ಭಾಗಕ್ಕೆ ಮತ್ತೊಂದು ರೂಪ ಎಂಬ ಫ್ರೆಂಚ್ ಭಾಷೆಯ ಗೋಜು ಇಲ್ಲಿಲ್ಲ. ಸಂಸ್ಕೃತದ ಲೃಙ್‌ನಂತೆ ಎರಡು ಕಡೆಯೂ ಒಂದೇ ರೂಪ. ಆದರೆ ಲೃಙ್‌ನಲ್ಲಿರುವ ಭೂತದ ಗುರುತಾಗಲಿ ಭವಿಷ್ಯದ ಅಂಗವಾಗಲಿ ಇದರಲ್ಲಿಲ್ಲ. ಝಾಮೆನ್‌ಹಾಫರು ಭೂತಕಾಲದಿಂದ ಸಾಲ ಮಾಡಲಿಲ್ಲ. ಅಸತ್ಯಕ್ಕೆ ಅದರದೇ ಆದ ಮನೆ ಕಟ್ಟಿಕೊಟ್ಟರು. ನಮಗೆ ತೋರುವ ಮಟ್ಟಿಗೆ ಇದು ಆ 16 ನಿಯಮಗಳಲ್ಲಿಯೇ ಅತ್ಯಂತ ಚೊಕ್ಕವಾದ ಕೆಲಸ.

ಈ ಚೊಕ್ಕತನಕ್ಕೆ ತೆತ್ತ ಬೆಲೆಯೂ ಉಂಟು. ‘ಉಸ್’ ಯಾವ ಕಾಲವನ್ನೂ ಹೇಳುವುದಿಲ್ಲ. ಮೇಲಿನ ವಾಕ್ಯದ ಮಳೆ ನಿನ್ನೆಯದೋ, ಇಂದಿನದೋ, ನಾಳೆ ಬರಲಾರದೆಂದು ನಾವು ಬಗೆದಿರುವುದೋ ತಿಳಿಯದು. ನಿನ್ನೆ ಎನ್ನಲು ‘ಹಿಯೇರೌ’ ಎಂದೂ ನಾಳೆ ಎನ್ನಲು ‘ಮೋರ್ಗೌ’ ಎಂದೂ ಸೇರಿಸಬೇಕು. ಇಲ್ಲವೇ ಮುಗಿದ ಕ್ರಿಯೆಯನ್ನು ಹೇಳುವ ಕೃದಂತವನ್ನು ಕರೆತಂದು “ಮಿ ಏಸ್ಟುಸ್ ರೆಸ್ಟೀಂಟಾ”, ಅಂದರೆ “ನಾನು ಉಳಿದವನಾಗಿರುತ್ತಿದ್ದೆನು” ಎಂದು ಸುತ್ತಿ ಹೇಳಬೇಕು. ಬಳಸುವವರು ಸಾಮಾನ್ಯವಾಗಿ ಬರಿಯ ‘ಉಸ್’ನಿಂದಲೇ ಕೆಲಸ ಸಾಗಿಸುತ್ತಾರೆ, ಕಾಲವನ್ನು ಸಂದರ್ಭವೇ ಹೇಳುತ್ತದೆ. ಕನ್ನಡಿಗರಾದ ನಾವು ಇದರಲ್ಲಿ ಕೊರತೆ ಹುಡುಕಬೇಕಾಗಿಲ್ಲ. “ನಾನು ಹಕ್ಕಿಯಾಗಿದ್ದರೆ ಹಾರಿಹೋಗುತ್ತಿದ್ದೆ” ಎನ್ನುವಾಗ ನಿನ್ನೆ ಹಾರುತ್ತಿದ್ದೆನೋ ಈ ಗಳಿಗೆಯಲ್ಲಿಯೋ ನಾವೂ ಹೇಳುವುದಿಲ್ಲ.

ಇನ್ನೊಂದು ಹೋಲಿಕೆಯನ್ನು ಹೇಳದಿರಲಾರೆವು. ಎಸ್ಪೆರಾಂಟೊದಲ್ಲಿ ವಿನಯದಿಂದ ಏನನ್ನಾದರೂ ಕೇಳಬೇಕಾದರೆ “ಮಿ ವೋಲುಸ್” ಎನ್ನುತ್ತಾರೆ. ‘ನನಗೆ ಬೇಕು’ ಎಂಬುದರ ಕಲ್ಪನಾರೂಪ ಅದು. ನಮ್ಮಲ್ಲಿ ಕಚೇರಿಯ ಬಾಗಿಲಲ್ಲಿ ನಿಂತವನು “ಸ್ವಾಮಿ, ಒಂದು ಸಹಿ ಬೇಕಾಗಿತ್ತು” ಎನ್ನುವುದಿಲ್ಲವೇ? ಬೇಕಾಗಿರುವುದು ಈಗಲೇ, ಆದರೂ ಭೂತಕಾಲವನ್ನು ಮುಂದುಮಾಡಿ, ಬೇಡಿಕೆಯನ್ನು ಒಂದು ಮಾರು ದೂರವಿಟ್ಟು ಕೇಳುತ್ತಾನೆ. ಇಬ್ಬರೂ ಅಸತ್ಯದ ರೂಪವನ್ನೇ ವಿನಯಕ್ಕೂ ಬಳಸುತ್ತಿದ್ದಾರೆ.

ಎಸ್ಪೆರಾಂಟೊವನ್ನು ಬಳಸುವವರಲ್ಲಿ ಕೆಲವರು ತಮಾಷೆಗೆಂದು ‘ಉಸ್’ನ ಉಕಾರವನ್ನು ಕೃದಂತಕ್ಕೂ ಹಚ್ಚಿದ್ದಾರೆ. ‘ಪರೋಲಾಂಟೊ’ ಎಂದರೆ ಮಾತನಾಡುತ್ತಿರುವವನು, ‘ಪರೋಲಿಂಟೊ’ ಮಾತನಾಡಿದವನು, ‘ಪರೋಲೋಂಟೊ’ ಮಾತನಾಡಲಿರುವವನು. ಹಾಗಾದರೆ ‘ಪರೋಲುಂಟೊ’? ಅವಕಾಶವಿದ್ದಿದ್ದರೆ ಮಾತನಾಡುತ್ತಿದ್ದವನು! ಅಧಿಕೃತ ವ್ಯಾಕರಣದಲ್ಲಿ ಇದಕ್ಕೆ ಸ್ಥಾನವಿಲ್ಲ. ಆದರೆ ನಮ್ಮ ಸಭೆಗಳಲ್ಲಿ ವೇದಿಕೆಯ ಮೇಲೆ ಕುಳಿತು, ಸಮಯ ಮೀರಿತೆಂದು ಬಾಯಿ ಮುಚ್ಚಿಕೊಂಡೇ ಮನೆಗೆ ಹೋಗುವ ಮಹನೀಯರಿಗೆ ಕನ್ನಡದಲ್ಲಿಯೂ ಇಂತಹ ಒಂದು ಪದವಿದ್ದಿದ್ದರೆ ಒಳ್ಳೆಯದಾಗುತ್ತಿತ್ತು.

ಝಾಮೆನ್‌ಹಾಫರಿಗೆ ಬೇಕಾಗಿದ್ದುದು ಜನರ ಸ್ನೇಹ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿದ್ದ ಸಮಾಜವಿಜ್ಞಾನಿ ಜೇಮ್ಸ್ ಕುಕ್ ಬ್ರೌನರಿಗೆ ಬೇಕಾಗಿದ್ದುದು ಪ್ರಯೋಗ. ಮನುಷ್ಯನ ಆಲೋಚನೆಯನ್ನು ಅವನ ಭಾಷೆಯೇ ರೂಪಿಸುತ್ತದೆಂಬ ವಾದವನ್ನು ಬೆಂಜಮಿನ್ ಲೀ ವೋರ್ಫ್ ಎಂಬವರು ಮಂಡಿಸಿದ್ದರು. ವೃತ್ತಿಯಿಂದ ಅವರು ವಿಮಾ ಕಂಪನಿಯೊಂದರಲ್ಲಿ ಅಗ್ನಿ ಅನಾಹುತಗಳನ್ನು ತಡೆಗಟ್ಟುವ ಇಂಜಿನಿಯರು! ಈ ವಾದವನ್ನು ಪರೀಕ್ಷಿಸಲು, ಎಲ್ಲ ಹುಟ್ಟು ಭಾಷೆಗಳಿಗಿಂತ ಭಿನ್ನವಾದ, ತರ್ಕಶಾಸ್ತ್ರದ ಸೂತ್ರಗಳ ಮೇಲೆಯೇ ನಿಂತ ಭಾಷೆಯೊಂದನ್ನು ಕಟ್ಟಿ ಜನರಿಗೆ ಕಲಿಸಿ ನೋಡೋಣವೆಂದು ಬ್ರೌನರು 1955ರಲ್ಲಿ ಆರಂಭಿಸಿದರು. ಅದೇ ಲಾಗ್ಲಾನ್. 1960ರ ಜೂನ್ ತಿಂಗಳಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅದರ ಪರಿಚಯ ಲೇಖನ ಬಂದಿತು. ಮುಂದೆ ಅನುಯಾಯಿಗಳಲ್ಲಿ ಒಡಕುಂಟಾಗಿ, 1987ರಲ್ಲಿ ಬೇರೆಯಾದವರು ಅದೇ ತತ್ತ್ವದ ಮೇಲೆ ಲೋಜ್‌ಬಾನ್ ಭಾಷೆಯನ್ನು ಕಟ್ಟತೊಡಗಿದರು. ಅದರ ಪೂರ್ಣ ವ್ಯಾಕರಣಗ್ರಂಥ 1997ರಲ್ಲಿ ಹೊರಬಂದಿತು.

ತರ್ಕದ ಭಾಷೆಯಲ್ಲಿ ‘ಆದರೆ’ ಎಂಬುದಕ್ಕೆ ಗಣಿತಜ್ಞರು ಗೊತ್ತುಮಾಡಿದ ಅರ್ಥವೊಂದಿದೆ. ‘ಪಕ್ಷ ನಿಜವಾಗಿದ್ದು ಫಲ ಸುಳ್ಳಾದಾಗ ಮಾತ್ರ ವಾಕ್ಯ ಸುಳ್ಳು, ಉಳಿದೆಲ್ಲ ಸಂದರ್ಭಗಳಲ್ಲಿಯೂ ಅದು ನಿಜ.’ ಲೋಜ್‌ಬಾನಿನ ‘ಗನಾಯ್ … ಗಿ’ ಎಂಬ ಜೋಡಿಪದಕ್ಕೆ ಸರಿಯಾಗಿ ಇದೇ ಅರ್ಥ. ಗಣಿತದ ಪ್ರಮೇಯಗಳಿಗೆ ಇದು ಧಾರಾಳವಾಗಿ ಸಾಕು. ಆದರೆ ಇಲ್ಲದುದರ ವಿಷಯಕ್ಕೆ ಬಂದಾಗ ಏನಾಗುವುದೆಂದು ನೋಡಿ.

ಚಂದ್ರನಿರುವುದರಿಂದ, ‘ಚಂದ್ರನಿಲ್ಲ’ ಎಂಬ ಪಕ್ಷ ಸುಳ್ಳು. ಪಕ್ಷ ಸುಳ್ಳಾದುದರಿಂದ, ಮೇಲಿನ ನಿಯಮದಂತೆ, “ಚಂದ್ರನಿಲ್ಲದಿದ್ದರೆ ಸಮುದ್ರದ ಉಬ್ಬರ ಕಡಿಮೆಯಾಗುತ್ತಿತ್ತು” ಎಂಬ ವಾಕ್ಯ ನಿಜ. ಒಳ್ಳೆಯದು, ಅದು ನಿಜವೇ. ಸೂರ್ಯನಿಂದಾಗುವ ಉಬ್ಬರ ಚಂದ್ರನಿಂದಾಗುವುದರ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆ. ಚಂದ್ರನಿಲ್ಲದಿದ್ದರೆ ಉಳಿಯುತ್ತಿದ್ದುದು ಅಷ್ಟೇ. ಆದರೆ ಅದೇ ನಿಯಮದಂತೆ “ಚಂದ್ರನಿಲ್ಲದಿದ್ದರೆ ಉಬ್ಬರ ಇಮ್ಮಡಿಯಾಗುತ್ತಿತ್ತು” ಎಂಬುದೂ ನಿಜ, “ಚಂದ್ರನಿಲ್ಲದಿದ್ದರೆ ಸಮುದ್ರವೆಲ್ಲ ಮಜ್ಜಿಗೆಯಾಗುತ್ತಿತ್ತು” ಎಂಬುದೂ ನಿಜ! ಪರೀಕ್ಷೆಯಲ್ಲಿ ಈ ಮೂರಕ್ಕೂ ಸಮನಾಗಿ ಅಂಕ ಕೊಡುವ ಉಪಾಧ್ಯಾಯನನ್ನು ಯಾವ ಕಾಲೇಜೂ ಇಟ್ಟುಕೊಳ್ಳಲಾರದು.

ಲೋಜ್‌ಬಾನನ್ನು ಕಟ್ಟಿದವರು ಇದನ್ನು ಅರಿಯದವರಲ್ಲ. ಅದಕ್ಕಾಗಿಯೇ ‘ದಾಹಿ’ ಎಂಬ ಪುಟ್ಟ ಪದವೊಂದನ್ನು ಅವರು ಇಟ್ಟಿದ್ದಾರೆ. ಅದನ್ನು ಸೇರಿಸಿದರೆ ‘ಇದು ಕಲ್ಪನೆಯ ಮಾತು’ ಎಂದರ್ಥ. ‘ದಾಹಿನಾಯ್’ ಎಂದರೆ ‘ಇದು ನಡೆದ ಮಾತು’. ಭೂತಕಾಲವೂ ಬೇಡ, ಪ್ರತ್ಯಯವೂ ಬೇಡ. ಡಬ್ಬಿಗೆ ಚೀಟಿ ಅಂಟಿಸಿದಂತೆ ವಾಕ್ಯಕ್ಕೊಂದು ಚೀಟಿ. ಆದರೆ ಚೀಟಿಯು ಒಳಗಿರುವುದು ಕಲ್ಪನೆಯೆಂದು ತಿಳಿಸುತ್ತದೆಯೇ ಹೊರತು, ಯಾವ ಕಲ್ಪನೆಯಿಂದ ಯಾವ ಫಲ ನ್ಯಾಯವಾಗಿ ಬರುವುದೆಂದು ತಿಳಿಸುವುದಿಲ್ಲ. ಉಬ್ಬರದ ಮಾತಿಗೂ ಮಜ್ಜಿಗೆಯ ಮಾತಿಗೂ ಚೀಟಿ ಒಂದೇ.

ತೊಡಕಿನ ಗಂಟು ಇಲ್ಲಿದೆ. ಇದನ್ನು ಬಿಡಿಸಲು ಹೊರಟವರಲ್ಲಿ ಅಮೆರಿಕದ ದಾರ್ಶನಿಕ ನೆಲ್ಸನ್ ಗುಡ್‌ಮನ್ ಒಬ್ಬರು. 1947ರ ಪ್ರಬಂಧದಲ್ಲಿ ಅವರು ತೆಗೆದುಕೊಂಡ ಉದಾಹರಣೆ ಬೆಂಕಿಕಡ್ಡಿಯದು. ಪೆಟ್ಟಿಗೆಯಲ್ಲಿ ಸುಮ್ಮನಿರುವ ಕಡ್ಡಿಯನ್ನು ತೋರಿಸಿ, “ಇದನ್ನು ಗೀರಿದ್ದರೆ ಹೊತ್ತಿಕೊಳ್ಳುತ್ತಿತ್ತು” ಎನ್ನುತ್ತೇವೆ. ಹೀಗೆನ್ನುವಾಗ ಕಡ್ಡಿ ಒಣಗಿದೆ, ಸುತ್ತ ಆಮ್ಲಜನಕವಿದೆ ಎಂಬ ಸಂಗತಿಗಳನ್ನು ಹಾಗೆಯೇ ಉಳಿಸಿಕೊಂಡು, ಗೀರಲಿಲ್ಲ ಎಂಬ ಒಂದನ್ನು ಮಾತ್ರ ಬದಲಾಯಿಸುತ್ತೇವೆ. ತಂಟೆಕೋರನೊಬ್ಬ ಬಂದು, “ಕಡ್ಡಿ ಹೊತ್ತಿಲ್ಲ ಎಂಬ ಸಂಗತಿಯನ್ನು ನಾನು ಉಳಿಸಿಕೊಳ್ಳುತ್ತೇನೆ, ಆದುದರಿಂದ ಗೀರಿದ್ದರೆ ಅದು ಒದ್ದೆಯಾಗಿರುತ್ತಿತ್ತು” ಎಂದರೆ? ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿಯಮ ಬರೆಯಹೊರಟ ಗುಡ್‌ಮನ್ನರು, ಆ ನಿಯಮ ತನ್ನ ಬಾಲವನ್ನೇ ಕಚ್ಚಿಕೊಂಡು ಸುತ್ತುವುದನ್ನು ಕಂಡರು. 1968ರಲ್ಲಿ ರಾಬರ್ಟ್ ಸ್ಟಾಲ್ನೇಕರ್, 1973ರಲ್ಲಿ ಡೇವಿಡ್ ಲೂಯಿಸ್ ಬೇರೊಂದು ದಾರಿ ಹಿಡಿದರು. ಕಡ್ಡಿಯನ್ನು ಗೀರಿದ ಲೋಕಗಳು ಎಷ್ಟೋ ಇರಬಹುದು; ಅವುಗಳಲ್ಲಿ ನಮ್ಮ ಲೋಕಕ್ಕೆ ಅತ್ಯಂತ ಹತ್ತಿರವಾದುದನ್ನು ನೋಡಿ, ಅಲ್ಲಿ ಬೆಂಕಿ ಹೊತ್ತಿದ್ದರೆ ವಾಕ್ಯ ನಿಜ. ಹತ್ತಿರವೆಂದರೆ ಎಷ್ಟು ಹತ್ತಿರ, ಅಳೆಯುವ ಮೊಳಕೋಲು ಯಾವುದು ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ನಮ್ಮಂತಹ ಭೌತಶಾಸ್ತ್ರದ ಉಪಾಧ್ಯಾಯರಿಗೆ ಗುಡ್‌ಮನ್ನರ ಪ್ರಬಂಧದಲ್ಲಿ ಮತ್ತೊಂದು ಮಾತು ಬಹಳ ಉಪಯುಕ್ತವಾದುದು. ಅದನ್ನು ನಮ್ಮದೇ ಉದಾಹರಣೆಯಿಂದ ಹೇಳುತ್ತೇವೆ. ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿರುವ ಗುಂಡುಗಳೆಲ್ಲವೂ ಉಕ್ಕಿನವು; ಇದು ನಿಜ. ತಾಮ್ರದ ತಂತಿಗಳೆಲ್ಲವೂ ವಿದ್ಯುತ್ತನ್ನು ಹರಿಸುತ್ತವೆ, ಇದೂ ನಿಜ. ಮೇಲ್ನೋಟಕ್ಕೆ ಎರಡು ವಾಕ್ಯಗಳೂ ಒಂದೇ ಜಾತಿಯವು. ಈಗ ಮಗುವಿನ ಕೈಯಲ್ಲಿರುವ ಗಾಜಿನ ಗೋಲಿಯನ್ನು ತೋರಿಸಿ, “ಇದು ಆ ಬೀರುವಿನಲ್ಲಿದ್ದಿದ್ದರೆ ಉಕ್ಕಿನದಾಗಿರುತ್ತಿತ್ತು” ಎಂದರೆ ಜನ ನಗುತ್ತಾರೆ. ನೂಲಿನ ಎಳೆಯೊಂದನ್ನು ತೋರಿಸಿ, “ಇದು ತಾಮ್ರದ್ದಾಗಿದ್ದರೆ ವಿದ್ಯುತ್ತನ್ನು ಹರಿಸುತ್ತಿತ್ತು” ಎಂದರೆ ಯಾರೂ ನಗುವುದಿಲ್ಲ. ಮೊದಲನೆಯದು ಕೇವಲ ಆಕಸ್ಮಿಕ, ಎರಡನೆಯದು ನಿಯಮ. ಕಂಡ ಸಂಗತಿಗಳ ಪಟ್ಟಿ ಮಾತ್ರವಾಗಿದ್ದರೆ ಅದನ್ನು ನಾವು ನಿಯಮವೆನ್ನುವುದಿಲ್ಲ. ಕಾಣದಿರುವ, ನಡೆಯದಿರುವ ಸಂದರ್ಭಕ್ಕೂ ಹೊಣೆ ಹೊರುವುದನ್ನು ಮಾತ್ರ ನಿಯಮವೆನ್ನುತ್ತೇವೆ. ಹಿಂದಿನ ಬೆಂಚಿನ ಹುಡುಗನಿಗೆ ಅಂದು ನಾವು ಹೇಳಬೇಕಾಗಿದ್ದ ಉತ್ತರ ಇದು. ಘರ್ಷಣೆಯಿಲ್ಲದ ಮೇಜನ್ನು ಯಾರೂ ಕಂಡಿಲ್ಲ. ಆದರೆ ಮೇಜನ್ನು ನಯಗೊಳಿಸಿದಷ್ಟೂ ಗುಂಡು ದೂರ ಹೋಗುವುದನ್ನು ಕಂಡಿದ್ದೇವೆ, ಅದು ಎಷ್ಟು ದೂರವೆಂದು ಲೆಕ್ಕ ಹಾಕಿಯೂ ಇದ್ದೇವೆ. ಆ ಲೆಕ್ಕದ ನಿಯಮವೇ ನಮ್ಮ ವಾಕ್ಯಕ್ಕೆ ಜಾಮೀನು.

ಇನ್ನು ಉಳಿದುದು ವೋರ್ಫರ ಪ್ರಶ್ನೆ. ‘ಉಸ್’ನಂತಹ ರೂಪವೇ ಇಲ್ಲದ ಭಾಷೆಯವರಿಗೆ ಇಂತಹ ಆಲೋಚನೆ ಕಷ್ಟವಾಗುವುದೇ? ಲಾಗ್ಲಾನ್ ಕಲಿತ ಜನರ ಮೇಲೆ ಬ್ರೌನರು ಬಯಸಿದಂತಹ ದೊಡ್ಡ ಪ್ರಯೋಗವೇನೂ ನಡೆಯಲಿಲ್ಲ. ಆದರೆ ಚೀನೀ ಭಾಷೆಯ ವಿಷಯದಲ್ಲಿ ಈ ಪ್ರಶ್ನೆ ದೊಡ್ಡ ವಾಗ್ವಾದವಾಯಿತು. ಆಲ್ಫ್ರೆಡ್ ಬ್ಲೂಮ್ ಎಂಬ ಅಮೆರಿಕದ ವಿದ್ವಾಂಸರು ಹಾಂಗ್‌ಕಾಂಗಿನಲ್ಲಿ, “ಸರ್ಕಾರ ಇಂತಹ ಒಂದು ಕಾನೂನು ಮಾಡಿದ್ದರೆ ನೀವೇನು ಮಾಡುತ್ತಿದ್ದಿರಿ?” ಎಂಬರ್ಥದ ಪ್ರಶ್ನೆ ಕೇಳಿದಾಗ, “ಸರ್ಕಾರ ಹಾಗೆ ಮಾಡಿಲ್ಲವಲ್ಲ” ಎಂಬ ಬಗೆಯ ಉತ್ತರ ಬಂದಿತಂತೆ. ಚೀನೀ ಕ್ರಿಯಾಪದದಲ್ಲಿ ಅಸತ್ಯವನ್ನು ಗುರುತಿಸುವ ರೂಪವಿಲ್ಲದಿರುವುದೇ ಇದಕ್ಕೆ ಕಾರಣವೆಂದು, ಕಥೆಗಳನ್ನು ಓದಿಸಿ ಪರೀಕ್ಷಿಸಿ, 1981ರಲ್ಲಿ ಅವರು ಪುಸ್ತಕ ಬರೆದರು. ಎರಡೇ ವರ್ಷದಲ್ಲಿ, 1983ರಲ್ಲಿ, ಟೆರಿ ಕಿಟ್‌ಫಾಂಗ್ ಔ ಎಂಬ ವಿದುಷಿ ಉತ್ತರ ಕೊಟ್ಟರು. ಬ್ಲೂಮರ ಕಥೆಗಳ ಚೀನೀ ಬರಹವೇ ಸಹಜವಾಗಿರಲಿಲ್ಲ. ಚೀನೀಯರು ಆಡುವ ಚೀನೀ ಭಾಷೆಯಲ್ಲಿ ಕಥೆ ಬರೆದುಕೊಟ್ಟಾಗ ವಿದ್ಯಾರ್ಥಿಗಳು ತೊಡಕಿಲ್ಲದೆ ಅರ್ಥಮಾಡಿಕೊಂಡರು. ಕ್ರಿಯಾಪದದಲ್ಲಿ ಗುರುತಿಲ್ಲದಿದ್ದರೇನು? ಹಿಂದುಮುಂದಿನ ಮಾತು, ಎಲ್ಲರಿಗೂ ತಿಳಿದ ಸಂಗತಿ, ಇವೇ ಆ ಗುರುತಿನ ಕೆಲಸ ಮಾಡುತ್ತವೆ. ನಮಗೆ ಔ ಅವರ ಪಕ್ಷವೇ ಗಟ್ಟಿಯಾಗಿ ತೋರುತ್ತದೆ. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕೆಟ್ಟುದರಿಂದ ಅಂಕ ಕಳೆದುಕೊಂಡ ವಿದ್ಯಾರ್ಥಿಗಳನ್ನು ನಾವೇ ಕಂಡಿದ್ದೇವೆ. ಅವರಿಗೆ ಭೌತಶಾಸ್ತ್ರ ತಿಳಿಯದೆಂದು ಹೇಳಲು ಬಾಯಿ ಬಾರದು.

ಈ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲಿ ಆ ವಿದ್ಯಾರ್ಥಿಯನ್ನು ಕರೆದು ಬೀರುವಿನ ಗುಂಡಿನ ಉದಾಹರಣೆಯನ್ನು ವಿವರಿಸಿದೆವು. ಎಸ್ಪೆರಾಂಟೊದ ‘ಉಸ್’ ಪ್ರತ್ಯಯವನ್ನೂ ತೋರಿಸಿದೆವು. ಒಂದು ವಾರದ ಮೇಲೆ ಅವನು ನಿಘಂಟು ಹುಡುಕಿ, ನಮ್ಮ ಹಳೆಯ ವಾಕ್ಯವನ್ನು ಆ ಭಾಷೆಯಲ್ಲಿ ಬರೆದು ತಂದನು: “ಸೆ ನೆ ಏಸ್ಟುಸ್ ಫ್ರೊಟಾಡೊ, ಲಾ ಗ್ಲೋಬೊ ನೆ ಹಾಲ್ಟುಸ್.” ಘರ್ಷಣೆಯಿಲ್ಲದಿದ್ದರೆ ಗುಂಡು ನಿಲ್ಲುತ್ತಿರಲಿಲ್ಲ. ತಪ್ಪಿಲ್ಲವೆಂದೆವು. ಆದರೆ ಅವನು ಕಾಗದವನ್ನು ಮಡಿಸದೆ, “ಸಾರ್, ಇದರಲ್ಲಿ ಕಾಲವೇ ಇಲ್ಲ. ನೀವು ಕಳೆದ ವರ್ಷ ಉರುಳಿಸಿದ ಗುಂಡೋ, ನಾಳೆ ಉರುಳಿಸುವ ಗುಂಡೋ?” ಎಂದು ಕೇಳಿದನು. ಎರಡೂ ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಮೇಜಿನ ಮೇಲಿದ್ದ ಗುಂಡನ್ನು ತಾನೇ ಬೆರಳಿನಿಂದ ತಳ್ಳಿ, ಅದು ನಿಲ್ಲುವ ತನಕ ನೋಡುತ್ತ ನಿಂತನು.